ಚಿತ್ತಾರದ ವ್ಯಾಕರಣ: ಆಜ್ಞಾವಾಕ್ಯದಿಂದ ಅಲಂಕಾರ ರಚನೆ

ಪೀಠಿಕೆ

“ಸಂದು ಚುಕ್ಕಿ, ಏಳರಿಂದ ನಾಲ್ಕು” ಎಂದು ರಂಗವಲ್ಲಿಯನ್ನು ಬಲ್ಲ ಗೃಹಿಣಿಗೆ ಹೇಳಿದರೆ ಸಾಕು; ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ನಡುವೆ ಏಳು ಚುಕ್ಕಿಗಳ ಒಂದು ಸಾಲು. ಅದರ ಮೇಲೂ ಕೆಳಗೂ, ಎರಡು ಚುಕ್ಕಿಗಳ ಸಂದಿಗೆ ಒಂದರಂತೆ, ಆರು, ಐದು, ನಾಲ್ಕು ಚುಕ್ಕಿಗಳ ಸಾಲುಗಳು. ಒಟ್ಟು 37 ಚುಕ್ಕಿಗಳ ಷಟ್ಕೋಣವೊಂದು ನೆಲದ ಮೇಲೆ ಮೂಡುತ್ತದೆ. “ನೇರ ಚುಕ್ಕಿ, ಏಳರಿಂದ ಒಂದು” ಎಂದರೆ ಏಳು, ಐದು, ಮೂರು, ಒಂದು ಎಂಬ ಇಳಿತದಲ್ಲಿ 25 ಚುಕ್ಕಿಗಳ ವಜ್ರಾಕೃತಿ ಸಿದ್ಧವಾಗುತ್ತದೆ. ಹೇಳಿದ ಮಾತು ನಾಲ್ಕೇ ಪದಗಳದು. ಅದರಿಂದ ಫಲಿಸಿದುದಾದರೋ ಅಂಗಳವನ್ನೇ ತುಂಬುವ ವಿನ್ಯಾಸ. ಅಲ್ಪಾಕ್ಷರವೂ ಅಸಂದಿಗ್ಧವೂ ಸಾರವತ್ತೂ ಆದುದು ಸೂತ್ರವೆಂಬ ಶಾಸ್ತ್ರಕಾರರ ಲಕ್ಷಣಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯುವುದು ವಿರಳ.

ಈಗಿನ ಶಾಲೆಗಳಲ್ಲಿ ಗಣಕಯಂತ್ರವು ಸಾಮಾನ್ಯ ವಸ್ತುವಾಗಿದೆ. ಅದರ ಪರದೆಯ ಮೇಲೆ ಬೆರಳಾಡಿಸಿ ಸಿದ್ಧಚಿತ್ರಗಳನ್ನು ಆಯ್ದುಕೊಳ್ಳುವುದು ಒಂದು ವಿಧಾನ. ಕೀಲಿಮಣೆಯಲ್ಲಿ ಒಂದು ಸಾಲು ಆಜ್ಞೆಯನ್ನು ಬರೆದು, ಆ ಆಜ್ಞೆಗೆ ತಕ್ಕ ಚಿತ್ತಾರವನ್ನು ಯಂತ್ರದಿಂದ ಬರೆಯಿಸುವುದು ಇನ್ನೊಂದು ವಿಧಾನ. ಮೊದಲನೆಯದರಲ್ಲಿ ಆಯ್ಕೆ ಮಾತ್ರ ಉಂಟು. ಎರಡನೆಯದರಲ್ಲಿ ವಾಕ್ಯರಚನೆಯೂ ಉಂಟು. ಆದಕಾರಣ ಎರಡನೆಯ ವಿಧಾನವು ಭಾಷೆಯನ್ನು ಕಲಿಸುವವರಿಗೂ ಸಂಬಂಧಿಸಿದ ವಿಷಯವೇ ಸರಿ. ಈ ವಿಧಾನದ ಸ್ವರೂಪವೇನು, ಕನ್ನಡನಾಡಿನ ಪರಂಪರೆಗೂ ಇದಕ್ಕೂ ಇರುವ ನಂಟೇನು, ಇದರಿಂದ ವಿದ್ಯಾರ್ಥಿಗೆ ಆಗುವ ಲಾಭಹಾನಿಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ತಾರದ ಲಕ್ಷಣ

ಚಿತ್ರಕ್ಕೂ ಚಿತ್ತಾರಕ್ಕೂ ಭೇದವುಂಟು. ಒಂದು ನವಿಲನ್ನು ಬರೆದರೆ ಅದು ಚಿತ್ರ. ಅದೇ ನವಿಲನ್ನು ಒಂದು ನಿಯಮಕ್ಕೆ ಒಳಪಡಿಸಿ ಸೆರಗಿನ ಉದ್ದಕ್ಕೂ ಹಬ್ಬಿಸಿದರೆ ಅದು ಚಿತ್ತಾರ. ಆದ್ದರಿಂದ ಚಿತ್ತಾರಕ್ಕೆ ಎರಡು ಅಂಗಗಳು: ಬೀಜ ಮತ್ತು ನಿಯಮ. ಬೀಜವೆಂದರೆ ಪುನಃ ಪುನಃ ಬರುವ ಮೂಲಾಕೃತಿ. ನಿಯಮವೆಂದರೆ ಅದನ್ನು ಹರಡುವ ಕ್ರಮ.

ಸಮತಲದ ಮೇಲೆ ಒಂದು ಬೀಜವನ್ನು ಅದರ ಅಳತೆ ಕೆಡದಂತೆ ಹರಡಲು ನಾಲ್ಕೇ ಕ್ರಿಯೆಗಳಿವೆ. ಇದ್ದಂತೆಯೇ ಪಕ್ಕಕ್ಕೆ ಸರಿಸುವುದು ಮೊದಲನೆಯದು. ಸೀರೆಯ ಅಂಚಿನಲ್ಲಿ ಒಂದೇ ಗೋಪುರ ಸಾಲಾಗಿ ನಿಂತಿರುವುದು ಇದರಿಂದ. ಒಂದು ಬಿಂದುವಿನ ಸುತ್ತ ತಿರುಗಿಸುವುದು ಎರಡನೆಯದು. ಕನ್ನಡಿಯಲ್ಲಿ ಕಾಣುವಂತೆ ಎಡಬಲಗಳನ್ನು ಮಾರ್ಪಡಿಸುವುದು ಮೂರನೆಯದು. ಪ್ರತಿಬಿಂಬಗೊಳಿಸುತ್ತಲೇ ಮುಂದಕ್ಕೆ ಸರಿಸುವುದು ನಾಲ್ಕನೆಯದು. ಗೋಕುಲಾಷ್ಟಮಿಯಂದು ಹೊಸ್ತಿಲಿನಿಂದ ಒಳಕ್ಕೆ ಬರೆಯುವ ಎಡ ಬಲ ಪುಟ್ಟ ಹೆಜ್ಜೆಗಳ ಸಾಲು ಇದಕ್ಕೆ ನಿದರ್ಶನ. ಸ್ವಸ್ತಿಕದಲ್ಲಿ ತಿರುವು ಇದೆ, ಪ್ರತಿಬಿಂಬವಿಲ್ಲ. ಅದನ್ನು ಕನ್ನಡಿಯಲ್ಲಿ ನೋಡಿದರೆ ತೋಳುಗಳು ವಿರುದ್ಧ ದಿಕ್ಕಿಗೆ ಬಾಗುತ್ತವೆ. ಎಂಟು ದಳದ ಕಮಲದಲ್ಲಿ ತಿರುವು, ಪ್ರತಿಬಿಂಬ ಎರಡೂ ಇವೆ. ಇಷ್ಟನ್ನು ಮನಗಂಡ ವಿದ್ಯಾರ್ಥಿಯ ಕಣ್ಣು ಅಂದಿನಿಂದ ಬೇರೆ ಬಗೆಯಲ್ಲಿ ನೋಡತೊಡಗುತ್ತದೆ.

ಈ ನಾಲ್ಕು ಕ್ರಿಯೆಗಳನ್ನು ಎಷ್ಟು ಬಗೆಯಾಗಿ ಕೂಡಿಸಿದರೂ, ಅಂಚಿನಂತೆ ಒಂದೇ ದಿಕ್ಕಿಗೆ ಬೆಳೆಯುವ ಚಿತ್ತಾರಗಳ ಜಾತಿಗಳು 7 ಮಾತ್ರ. ನೆಲಹಾಸಿನಂತೆ ಎಲ್ಲ ಕಡೆಗೂ ಹಬ್ಬುವ ಚಿತ್ತಾರಗಳ ಜಾತಿಗಳು 17 ಮಾತ್ರ. ಈ ಹದಿನೇಳನ್ನು ರಷ್ಯಾದ ಸ್ಫಟಿಕಶಾಸ್ತ್ರಜ್ಞ ಫ್ಯೊದೊರೋವ್ 1891ರಲ್ಲಿ ಸಾಧಿಸಿದನು. 1924ರಲ್ಲಿ ಗಣಿತಜ್ಞ ಪೋಲ್ಯಾ ಸ್ವತಂತ್ರವಾಗಿ ಅದೇ ಸಂಖ್ಯೆಗೆ ಬಂದನು. ಬೀಜಗಳು ಅನಂತ, ಜಾತಿಗಳು ಪರಿಮಿತ. ಧಾತುಗಳೂ ಶಬ್ದಗಳೂ ಎಷ್ಟೇ ಇದ್ದರೂ ವಿಭಕ್ತಿಗಳು ಎಣಿಕೆಗೆ ಸಿಕ್ಕುವಂತೆ ಇದೂ ಒಂದು ವ್ಯವಸ್ಥೆ.

ಆಜ್ಞಾವಾಕ್ಯದ ಸ್ವರೂಪ

ಆಜ್ಞೆಯಿಂದ ಚಿತ್ರವನ್ನು ರಚಿಸುವ ಸಾಧನಗಳಲ್ಲಿ ‘ಇಮೇಜ್‌ಮ್ಯಾಜಿಕ್’ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವುದು. ಅಮೆರಿಕದ ಜಾನ್ ಕ್ರಿಸ್ಟಿ ಎಂಬವರು ಡ್ಯುಪಾಂಟ್ ಸಂಸ್ಥೆಯಲ್ಲಿದ್ದಾಗ 1987ರಲ್ಲಿ ಇದನ್ನು ಆರಂಭಿಸಿದರು. 1990ರಲ್ಲಿ ಇದು ಸಾರ್ವಜನಿಕರಿಗೆ ಮುಕ್ತವಾಗಿ ದೊರೆಯಿತು. ಇಂದಿಗೂ ಇದಕ್ಕೆ ಬೆಲೆ ತೆರಬೇಕಾಗಿಲ್ಲ. ಹಳೆಯ ಗಣಕಯಂತ್ರದಲ್ಲಿಯೂ ಇದು ನಡೆಯುತ್ತದೆ. ಮಿತವಾದ ಅನುಕೂಲವುಳ್ಳ ಶಾಲೆಗಳು ಈ ಅಂಶವನ್ನು ಗಮನಿಸಬೇಕು.

ಈ ಸಾಧನದಲ್ಲಿ ಕೆಲವು ಸಿದ್ಧ ಬೀಜಗಳು ಅಡಕವಾಗಿವೆ: ಚದುರಂಗದ ಮನೆಗಳು, ಇಟ್ಟಿಗೆಯ ಕಟ್ಟಡ, ಮೀನಿನ ಹೊರಪೆ, ಷಟ್ಕೋಣಗಳ ಜೇನುಗೂಡು, ಅಷ್ಟಕೋಣಗಳು, ಓರೆಗೆರೆಗಳು ಇತ್ಯಾದಿ. ಜೇನುಗೂಡಿನ ಚಿತ್ತಾರವನ್ನು ಬರೆಯಿಸುವ ಆಜ್ಞೆಯನ್ನು ಕನ್ನಡ ಲಿಪಿಯಲ್ಲಿ ಹೀಗೆ ತೋರಿಸಬಹುದು. ಯಂತ್ರಕ್ಕೆ ಕೊಡುವಾಗ ರೋಮನ್ ಲಿಪಿಯಲ್ಲಿ ಬರೆಯಬೇಕು:

ಮ್ಯಾಜಿಕ್ -ಸೈಜ್ 800×600 ಪ್ಯಾಟರ್ನ್:ಹೆಕ್ಸಗನ್ಸ್ ಜೇನುಗೂಡು.ಪಿಎನ್‌ಜಿ

ಇದರಲ್ಲಿ ಮೊದಲ ಪದ ಕೆಲಸ ಮಾಡುವವನ ಹೆಸರು. ಎರಡನೆಯದು ಅಳತೆಯ ಸೂಚನೆ. ಅಗಲದಲ್ಲಿ 800, ಎತ್ತರದಲ್ಲಿ 600 ಚಿತ್ರಬಿಂದುಗಳು. ಮೂರನೆಯದು ಬೀಜದ ಹೆಸರು. ಕೊನೆಯದು ಸಿದ್ಧವಾದ ಚಿತ್ರವನ್ನು ಇರಿಸಬೇಕಾದ ಕಡತದ ಹೆಸರು. ಕರ್ತೃ, ವಿಶೇಷಣ, ಕರ್ಮ, ಅಧಿಕರಣ ಎಂದು ವ್ಯಾಕರಣದ ವಿದ್ಯಾರ್ಥಿ ಇದನ್ನು ಬಿಡಿಸಿ ನೋಡಬಹುದು.

ಪದಸಮೂಹವು ವಾಕ್ಯವೆನಿಸಿಕೊಳ್ಳಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಗಳು ಹೇಳುತ್ತವೆ. “ಹಸು, ಕುದುರೆ, ಮನುಷ್ಯ, ಆನೆ” ಎಂದರೆ ವಾಕ್ಯವಾಗದು. ಪದಗಳು ಒಂದನ್ನೊಂದು ಅಪೇಕ್ಷಿಸುವುದಿಲ್ಲ. “ಬೆಂಕಿಯಿಂದ ತೋಯಿಸುತ್ತಾನೆ” ಎಂದರೆ ಅಪೇಕ್ಷೆಯಿದ್ದರೂ ಯೋಗ್ಯತೆಯಿಲ್ಲ. ಒಂದು ಪದವನ್ನು ಬೆಳಿಗ್ಗೆಯೂ ಮತ್ತೊಂದನ್ನು ಸಂಜೆಯೂ ಹೇಳಿದರೆ ಸನ್ನಿಧಿಯಿಲ್ಲ. ಗಣಕಯಂತ್ರದ ಆಜ್ಞೆಗೂ ಈ ಮೂರು ಯಥಾವತ್ತಾಗಿ ಅನ್ವಯಿಸುತ್ತವೆ. ‘ಸೈಜ್’ ಎಂಬ ಪದಕ್ಕೆ ಅಳತೆಯ ಆಕಾಂಕ್ಷೆಯುಂಟು. ಅಲ್ಲಿ ಬಣ್ಣದ ಹೆಸರನ್ನು ಬರೆದರೆ ಯೋಗ್ಯತೆ ತಪ್ಪಿತು. ಅಳತೆಯನ್ನು ಆ ಪದದ ಪಕ್ಕದಲ್ಲಿಯೇ ಬರೆಯದಿದ್ದರೆ ಸನ್ನಿಧಿ ತಪ್ಪಿತು. ಮೂರರಲ್ಲಿ ಯಾವುದು ತಪ್ಪಿದರೂ ಯಂತ್ರವು ಮುಂದುವರಿಯದೆ ದೋಷವನ್ನು ತಿಳಿಸುತ್ತದೆ.

ಇವಲ್ಲದೆ ಕ್ರಮವೆಂಬುದೊಂದು ಉಂಟು. ಅಳತೆಯನ್ನು ಬೀಜದ ಹೆಸರಿಗಿಂತ ಮೊದಲೇ ಹೇಳಬೇಕು. ಹೇಳುವುದು ತಡವಾದರೆ ದೋಷವೇನೂ ವರದಿಯಾಗುವುದಿಲ್ಲ. ಆದರೆ ಬೀಜವು ತನ್ನ ಸಹಜ ಗಾತ್ರದಲ್ಲಿ, ಉಗುರಿನಷ್ಟು ಚಿಕ್ಕ ಚಿತ್ರವಾಗಿ ಹೊರಬರುತ್ತದೆ. ಇಂತಹ ಮೌನವಾದ ತಪ್ಪು ವಿದ್ಯಾರ್ಥಿಗೆ ಒಳ್ಳೆಯ ಗುರು. ಹೇಳಬೇಕೆಂದು ಬಯಸಿದುದು ಯಾವುದು, ನಿಜವಾಗಿ ಹೇಳಿದುದು ಯಾವುದು ಎಂಬ ಅಂತರವನ್ನು ಅದು ಕಣ್ಣೆದುರಿಗೆ ಇಡುತ್ತದೆ.

ಒಂದು ಬೀಜದ ವಿಸ್ತಾರ

ಸಿದ್ಧ ಬೀಜಗಳಿಗಿಂತ ಸ್ವಂತ ಬೀಜದಿಂದ ಬೆಳೆಯಿಸಿದ ಚಿತ್ತಾರವೇ ಹೆಚ್ಚು ಬೋಧಪ್ರದ. ವಿದ್ಯಾರ್ಥಿಯೊಬ್ಬಳು ಕಾಗದದ ಮೇಲೆ ಒಂದು ಬಳ್ಳಿಯ ಕುಡಿಯನ್ನು ಬರೆದಳೆಂದು ಭಾವಿಸೋಣ. ಅದರ ಛಾಯಾಚಿತ್ರವನ್ನು ತೆಗೆದು, 100 ಬಿಂದು ಅಗಲ, 100 ಬಿಂದು ಎತ್ತರದ ಚೌಕಕ್ಕೆ ಇಳಿಸಿದೆ ಎಂದು ತಿಳಿಯಬೇಕು. ಇನ್ನು ಕ್ರಮ ಹೀಗೆ:

1. ಕುಡಿಯ ಒಂದು ಪ್ರತಿಯನ್ನು ಮಾಡಿ, ಎಡಬಲಗಳನ್ನು ಮಗುಚುವ ‘ಫ್ಲಾಪ್’ ಎಂಬ ಆಜ್ಞೆಯನ್ನು ಅದಕ್ಕೆ ಕೊಡಬೇಕು.

2. ಮೂಲವನ್ನೂ ಪ್ರತಿಬಿಂಬವನ್ನೂ ‘ಅಪೆಂಡ್’ ಎಂಬ ಆಜ್ಞೆಯಿಂದ ಪಕ್ಕಪಕ್ಕಕ್ಕೆ ಜೋಡಿಸಬೇಕು. ಈ ಆಜ್ಞೆಯ ಹಿಂದೆ ಕೂಡಿಸುವ ಚಿಹ್ನೆಯಿದ್ದರೆ ಅಡ್ಡಸಾಲು, ಕಳೆಯುವ ಚಿಹ್ನೆಯಿದ್ದರೆ ಕಂಬಸಾಲು. ಈಗ ಚಿತ್ರದ ಅಳತೆ 200×100.

3. ಆ ಜೋಡಿಯ ಪ್ರತಿಯನ್ನು ಮಾಡಿ, ಮೇಲುಕೆಳಗನ್ನು ಮಗುಚುವ ‘ಫ್ಲಿಪ್’ ಎಂಬ ಆಜ್ಞೆಯನ್ನು ಕೊಟ್ಟು, ಕೆಳಗೆ ಜೋಡಿಸಬೇಕು. ಅಳತೆ 200×200.

4. ಹೀಗೆ ದೊರೆತ ಬಿಲ್ಲೆಯನ್ನು ‘ಟೈಲ್’ ಎಂಬ ಆಜ್ಞೆಯಿಂದ 800×600 ಅಳತೆಯ ಕ್ಷೇತ್ರದಲ್ಲಿ ತುಂಬಿಸಬೇಕು.

ಅಗಲಕ್ಕೆ 4, ಎತ್ತರಕ್ಕೆ 3 ರಂತೆ 12 ಬಿಲ್ಲೆಗಳು. ಒಂದೊಂದರಲ್ಲಿ 4 ಕುಡಿಗಳು. ಒಟ್ಟು 48 ಕುಡಿಗಳು. ಅಂಚುಗಳೆಲ್ಲ ಪ್ರತಿಬಿಂಬಗಳಾಗಿರುವುದರಿಂದ ಎಲ್ಲಿಯೂ ಎಳೆ ತುಂಡಾಗುವುದಿಲ್ಲ. ಬರೆದವಳು ಒಂದೇ ಕುಡಿಯನ್ನು ಬರೆದಿದ್ದಾಳೆ. ಆ ಕುಡಿ ಮಂಟಪವಾಗಿ, ಹೂವಾಗಿ, ಜಾಲಂದ್ರವಾಗಿ ಕಾಣಿಸಿಕೊಳ್ಳುತ್ತದೆ. ಅವಳು ಬರೆಯದಿದ್ದ ಈ ಆಕೃತಿಗಳು ಕುಡಿಗಳ ನಡುವಿನ ಬಯಲಿನಿಂದ ಹುಟ್ಟಿದವು. ಬಿಡಿ ಪದಗಳಲ್ಲಿ ಇಲ್ಲದ ಅರ್ಥವು ಸಮಾಸದಲ್ಲಿ ಮೂಡುವುದು ಇಂತೆಯೇ.

ಪ್ರತಿಬಿಂಬಗಳಿಗೆ ಬದಲಾಗಿ ಅದೇ ಕುಡಿಯನ್ನು 90, 180, 270 ಅಂಶಗಳಿಗೆ ತಿರುಗಿಸಿ ನಾಲ್ಕನ್ನು ಕೂಡಿಸಿದರೆ ಗಾಳಿಗಿರಿಗಿಟ್ಟೆಯಂತಹ ಬೇರೊಂದು ಜಾತಿಯ ಚಿತ್ತಾರವಾಗುತ್ತದೆ. ಎಡಬಲ ಮತ್ತು ಮೇಲುಕೆಳಗು ಎರಡನ್ನೂ ಮಗುಚಿದರೆ 180 ಅಂಶ ತಿರುಗಿಸಿದ ಫಲವೇ ಬರುತ್ತದೆ. ಯಾವುದು ಮೊದಲಾದರೂ ವ್ಯತ್ಯಾಸವಿಲ್ಲ. ಆದರೆ ಎಡಬಲ ಮಗುಚಿ 90 ಅಂಶ ತಿರುಗಿಸುವುದೂ, 90 ಅಂಶ ತಿರುಗಿಸಿ ಎಡಬಲ ಮಗುಚುವುದೂ ಒಂದೇ ಅಲ್ಲ. ಸೂತ್ರಗಳ ಪೌರ್ವಾಪರ್ಯದ ಮೇಲೆ ಪದಸಿದ್ಧಿ ನಿಂತಿರುವುದನ್ನು ಬಲ್ಲ ವೈಯಾಕರಣರಿಗೆ ಇದು ಹೊಸ ಮಾತಲ್ಲ.

ಆದೇಶ

ಕನ್ನಡದಲ್ಲಿ ಆದೇಶವೆಂಬ ಪದಕ್ಕೆ ಅಪ್ಪಣೆಯೆಂದು ಒಂದು ಅರ್ಥ; ಒಂದು ಅಕ್ಷರದ ಸ್ಥಾನದಲ್ಲಿ ಮತ್ತೊಂದು ಬರುವುದೆಂದು ವ್ಯಾಕರಣದ ಅರ್ಥ. ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವಾಗ ಕಕಾರಕ್ಕೆ ಗಕಾರ ಆದೇಶ. ಚಿತ್ತಾರ ರಚನೆಯ ಒಂದು ಮುಖ್ಯ ಶಾಖೆಯಲ್ಲಿ ಈ ಎರಡು ಅರ್ಥಗಳೂ ಕೂಡಿಬರುತ್ತವೆ.

ಹಂಗೇರಿ ಮೂಲದ ಜೀವವಿಜ್ಞಾನಿ ಲಿಂಡನ್‌ಮೇಯರ್ ಸಸ್ಯಗಳ ಬೆಳವಣಿಗೆಯನ್ನು ವಿವರಿಸಲು 1968ರಲ್ಲಿ ಒಂದು ಪದ್ಧತಿಯನ್ನು ರೂಪಿಸಿದನು. ಅಕ್ಷರಗಳ ಒಂದು ಸಾಲನ್ನು ತೆಗೆದುಕೊಂಡು, ಪ್ರತಿಯೊಂದು ಅಕ್ಷರಕ್ಕೂ ಏಕಕಾಲದಲ್ಲಿ ನಿಯತವಾದ ಆದೇಶವನ್ನು ಮಾಡುತ್ತ ಹೋಗುವುದು ಅದರ ಸಾರ. ‘ಗೆರೆ ಎಳೆ’, ‘ಎಡಕ್ಕೆ ತಿರುಗು’, ‘ಬಲಕ್ಕೆ ತಿರುಗು’ ಎಂದು ಅಕ್ಷರಗಳಿಗೆ ಅರ್ಥ ಕೊಟ್ಟರೆ ಆ ಸಾಲೇ ಚಿತ್ರವಾಗುತ್ತದೆ. 1904ರಲ್ಲಿ ಸ್ವೀಡನ್ನಿನ ಗಣಿತಜ್ಞ ಕಾಕ್ ತೋರಿಸಿದ ಹಿಮಹರಳಿನ ರೇಖೆಯನ್ನು ಹೀಗೆ ಪಡೆಯಬಹುದು. ಒಂದು ಗೆರೆಯ ಸ್ಥಾನದಲ್ಲಿ, ನಡುವೆ ಮೂಲೆಯೆತ್ತಿದ ನಾಲ್ಕು ಗೆರೆಗಳು ಆದೇಶವಾಗಿ ಬರುತ್ತವೆ. ತ್ರಿಕೋಣದ 3 ಗೆರೆಗಳು 12 ಆಗಿ, 48 ಆಗಿ, 192 ಆಗಿ ಒಡೆದು, ನಿಯಮ ಒಂದೇ ಆದರೂ ಆಕೃತಿ ಸೂಕ್ಷ್ಮವಾಗುತ್ತ ಹೋಗುತ್ತದೆ.

ಈ ಬಗೆಯ ವಿಚಾರಕ್ಕೆ ದಕ್ಷಿಣ ಭಾರತದ ರಂಗವಲ್ಲಿಯೇ ಆಧಾರವಾದುದು ಹೆಮ್ಮೆಯ ಸಂಗತಿ. ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಎಂಬ ವಿದ್ವಾಂಸರು ತಮಿಳುನಾಡಿನ ಕೋಲಗಳನ್ನು ವ್ಯಾಕರಣನಿಯಮಗಳಿಂದ ರಚಿಸುವ ಬಗೆಯನ್ನು ಕುರಿತು 1974ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅಂಗಳದ ಕಲೆಯು ಗಣಕಶಾಸ್ತ್ರದ ಪಾಠವಾದುದು ಹೀಗೆ.

ಪ್ರಸ್ತಾರ

ಫ್ರಾನ್ಸಿನ ಸನ್ಯಾಸಿ ಸೆಬಾಸ್ಟಿಯನ್ ಟ್ರೂಶೆಯು 1704ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಂದು ಪ್ರಬಂಧವನ್ನು ಸಲ್ಲಿಸಿದನು. ಕರ್ಣರೇಖೆಯಿಂದ ಎರಡು ಬಣ್ಣಗಳಾಗಿ ಭಾಗವಾದ ಒಂದು ಚೌಕದ ಬಿಲ್ಲೆಯನ್ನು ನಾಲ್ಕು ಬಗೆಯಾಗಿ ಇರಿಸಬಹುದು. ಎರಡು ಬಿಲ್ಲೆಗಳನ್ನು ಒಂದಕ್ಕೊಂದು ಹೊಂದಿಸಿದರೆ 64 ಬಗೆಗಳಾಗುತ್ತವೆ. ಸಮಾನವಾದವುಗಳನ್ನು ಕೂಡಿಸಿದರೆ 10 ಉಳಿಯುತ್ತವೆ ಎಂದು ಅವನು ಎಣಿಸಿ ತೋರಿಸಿದನು. 1987ರಲ್ಲಿ ಸಿರಿಲ್ ಸ್ಮಿತ್ ಎಂಬ ವಿದ್ವಾಂಸರು ಈ ಬಿಲ್ಲೆಗೆ ಹೊಸ ರೂಪವನ್ನು ಕೊಟ್ಟರು. ಎದುರುಬದುರು ಮೂಲೆಗಳ ಸುತ್ತ ಎರಡು ಕಾಲುವೃತ್ತಗಳು. ಅವುಗಳ ತುದಿಗಳು ಅಂಚಿನ ನಡುವಿನಲ್ಲಿಯೇ ಮುಟ್ಟುತ್ತವೆ. ಆದ್ದರಿಂದ ಬಿಲ್ಲೆಗಳನ್ನು ಹೇಗೆ ಜೋಡಿಸಿದರೂ ರೇಖೆ ಮುರಿಯದೆ ಎಳೆ ರಂಗೋಲಿಯಂತೆ ಬಳುಕುತ್ತ ಸಾಗುತ್ತದೆ.

ಈ ಬಿಲ್ಲೆಗೆ ಎರಡೇ ನಿಲುವುಗಳು. ಒಂದನ್ನು ಲಘುವೆಂದೂ ಮತ್ತೊಂದನ್ನು ಗುರುವೆಂದೂ ಕರೆದರೆ, ಛಂದಶ್ಶಾಸ್ತ್ರದ ಪ್ರಸ್ತಾರವೆಲ್ಲವೂ ಇಲ್ಲಿಗೆ ಬರುತ್ತದೆ. ಸಾಲಿನಲ್ಲಿ ಮೂರು ಬಿಲ್ಲೆಗಳಿದ್ದರೆ 8 ವಿನ್ಯಾಸಗಳು, ಅವೇ ಅಷ್ಟಗಣಗಳು. ನಾಲ್ಕಿದ್ದರೆ 16, ಆರಿದ್ದರೆ 64. ಉತ್ಪಲಮಾಲೆಯ ಭರನಭಭರಲಗ ಎಂಬ ಗಣವಿನ್ಯಾಸವನ್ನು ಅನುಸರಿಸಿ ಸಾಲಿಗೆ 20 ಬಿಲ್ಲೆಗಳಂತೆ ನಾಲ್ಕು ಸಾಲುಗಳನ್ನು ಜೋಡಿಸಿದರೆ 80 ಬಿಲ್ಲೆಗಳ ಒಂದು ಪಟ್ಟಿ ಸಿದ್ಧವಾಗುತ್ತದೆ. ಕೆಳಗೆ ಚಂಪಕಮಾಲೆಯ 21 ಬಿಲ್ಲೆಗಳ ಸಾಲುಗಳನ್ನು ಹಾಕಿದರೆ ಎರಡು ವೃತ್ತಗಳ ಭೇದವನ್ನು ಕಿವಿಯಂತೆಯೇ ಕಣ್ಣೂ ಗ್ರಹಿಸಬಲ್ಲುದು. ಗಣವಿಭಾಗವೆಂದರೆ ಬೇಸರಪಡುವ ವಿದ್ಯಾರ್ಥಿಗೆ ಇದೊಂದು ಸುಲಭ ಸೋಪಾನ.

ಬಿಲ್ಲೆಯ ನಿಲುವನ್ನು ನಿಯಮಕ್ಕೆ ಬಿಡದೆ ಯದೃಚ್ಛೆಗೆ ಬಿಡುವುದೂ ಉಂಟು. 1982ರಲ್ಲಿ ಬಂದ ಕಮೋಡೋರ್ 64 ಎಂಬ ಗೃಹಗಣಕದಲ್ಲಿ ಎರಡು ಓರೆಗೆರೆಗಳನ್ನು ಮನಬಂದಂತೆ ಬರೆಯುತ್ತ ಹೋಗುವ ಒಂದೇ ಸಾಲಿನ ಆಜ್ಞೆಯು ಪರದೆಯ ತುಂಬ ಚಕ್ರವ್ಯೂಹವನ್ನು ಬರೆಯುತ್ತಿತ್ತು. ಆ ಒಂದು ಸಾಲನ್ನು ಕುರಿತು ಹತ್ತು ಮಂದಿ ಲೇಖಕರು ಕೂಡಿ 2012ರಲ್ಲಿ ಒಂದು ಗ್ರಂಥವನ್ನೇ ರಚಿಸಿದರು.

ಕಸೂತಿ ಮತ್ತು ಮಗ್ಗ

ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲವರಿಗೆ ಈ ವಿಷಯದಲ್ಲಿ ಯಾವುದೂ ಅಪರಿಚಿತವೆನಿಸದು. ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ನೂಲಿನ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ಆನೆ, ನವಿಲು, ತುಳಸಿ ವೃಂದಾವನಗಳೆಲ್ಲ ಮೂಡುತ್ತವೆ. ಗಾವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿದು, ಮರಳುವಾಗ ಬಿಟ್ಟ ಎಡೆಗಳನ್ನು ತುಂಬಲಾಗುತ್ತದೆ. ಬಟ್ಟೆಯ ಎರಡು ಮುಖಗಳಲ್ಲಿಯೂ ಒಂದೇ ಆಕೃತಿ ಕಾಣುತ್ತದೆ. ಕವಲೊಡೆದ ಆಕೃತಿಯಲ್ಲಿ ಎಲ್ಲಿ ತಿರುಗಬೇಕು, ಯಾವ ದಾರಿಯಲ್ಲಿ ಮರಳಬೇಕು ಎಂಬ ಯೋಜನೆ ಮೊದಲೇ ಮನಸ್ಸಿನಲ್ಲಿರಬೇಕು. ಎಣಿಕೆ, ಕ್ರಮ, ಪುನರಾವೃತ್ತಿ ಈ ಮೂರರಿಂದಲೇ ನಡೆಯುವ ಈ ಕಲೆಯನ್ನು ಲಿಖಿತ ಸೂತ್ರವಿಲ್ಲದೆಯೇ ತಾಯಂದಿರು ಹೆಣ್ಣುಮಕ್ಕಳಿಗೆ ದಾಟಿಸಿಕೊಂಡು ಬಂದರು.

ಆಜ್ಞೆಯನ್ನು ಯಂತ್ರಕ್ಕೆ ಕೊಡುವ ಪದ್ಧತಿಯೂ ನೇಯ್ಗೆಯಿಂದಲೇ ಬಂದುದು. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಮಗ್ಗದಲ್ಲಿ ರಂಧ್ರ ಹಾಕಿದ ರಟ್ಟುಗಳು ಯಾವ ಹಾಸು ಎಳೆ ಏಳಬೇಕು, ಯಾವುದು ಕೂಡದು ಎಂದು ನಿರ್ಣಯಿಸುತ್ತಿದ್ದವು. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣನಯಂತ್ರಕ್ಕೆ ಈ ರಟ್ಟುಗಳನ್ನೇ ಯೋಜಿಸಿಕೊಂಡನು. ಜಕಾರ್ಡ್ ಮಗ್ಗವು ಹೂವು ಎಲೆಗಳನ್ನು ನೇಯುವಂತೆ ಆ ಯಂತ್ರವು ಬೀಜಗಣಿತದ ವಿನ್ಯಾಸಗಳನ್ನು ನೇಯುವುದೆಂದು ಏಡಾ ಲವ್‌ಲೇಸ್ 1843ರಲ್ಲಿ ಅಭಿಪ್ರಾಯಪಟ್ಟಳು. ಹೀಗೆ ನೋಡಿದರೆ ಗಣಕಯಂತ್ರವು ಚಿತ್ತಾರವನ್ನು ಬರೆಯುವುದು ತವರಿಗೆ ಮರಳಿದಂತೆ.

ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಪೂರ್ವಪಕ್ಷವಾಗಿ ಮೂರು ಆಕ್ಷೇಪಗಳು ಬರಬಹುದು.

ಯಂತ್ರವೇ ಬರೆದರೆ ಕೈ ಮರೆಯುವುದಿಲ್ಲವೇ ಎಂಬುದು ಮೊದಲನೆಯದು. ಈ ಭಯ ನಿರಾಧಾರವಲ್ಲ. ಅಂಗಡಿಯಿಂದ ತಂದ ಅಂಟುಚೀಟಿಯ ರಂಗೋಲಿ ಅನೇಕ ಹೊಸ್ತಿಲುಗಳ ಮೇಲೆ ಈಗಾಗಲೇ ಕುಳಿತಿದೆ. ಯಂತ್ರದ ಕಸೂತಿ ಅಗ್ಗವಾಗಿ ದೊರೆಯುವಾಗ ಕೈಕಸೂತಿಯವಳ ದುಡಿಮೆಗೆ ತಕ್ಕ ಬೆಲೆ ದೊರೆಯುವುದು ಕಷ್ಟ. ಶಾಲೆಯು ಇದನ್ನು ತಡೆಯಲಾರದು. ಆದರೆ ಕೈಕೆಲಸದಲ್ಲಿ ಅಡಗಿರುವ ಎಣಿಕೆ ಎಂತಹದೆಂಬುದನ್ನು ತಿಳಿಯದೆ ಬೆಳೆದವರು ಅದಕ್ಕೆ ಬೆಲೆ ಕಟ್ಟಲಾರರು. ಒಂದು ಗೋಪುರವನ್ನು ಆಜ್ಞೆಯಾಗಿ ಬರೆಯಲು ಹೆಣಗಿದ ವಿದ್ಯಾರ್ಥಿಗೆ, ಅದನ್ನು ನೆನಪಿನಿಂದಲೇ ಹೊಲಿಯುವ ಅಜ್ಜಿಯ ವಿದ್ಯೆ ಏನೆಂಬುದು ಅರಿವಾಗುತ್ತದೆ. ಅಂತಹ ಅರಿವಿನಿಂದಲೇ ಗೌರವವೂ ನ್ಯಾಯವಾದ ಬೆಲೆಯೂ ಹುಟ್ಟಬೇಕು.

ಆಜ್ಞೆಗಳೆಲ್ಲ ಇಂಗ್ಲಿಷಿನವು, ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಎಟುಕೀತೇ ಎಂಬುದು ಎರಡನೆಯದು. ಮೇಲೆ ವಿವರಿಸಿದ ಕೆಲಸಕ್ಕೆ ಬೇಕಾದ ಪದಗಳು ಹತ್ತಕ್ಕೆ ಮೀರುವುದಿಲ್ಲ. ಅವು ಹೆಸರುಗಳು ಮಾತ್ರ. ಬೀಜ, ಆದೇಶ, ಪ್ರಸ್ತಾರ, ಆಕಾಂಕ್ಷೆ, ಪೌರ್ವಾಪರ್ಯ ಎಂಬ ವಿಚಾರಗಳಾದರೋ ಕನ್ನಡದ ವಿದ್ಯಾರ್ಥಿಗೆ ಸ್ವಂತ ಆಸ್ತಿ. ವಿಚಾರವನ್ನು ತನ್ನ ನುಡಿಯಲ್ಲಿ ಗ್ರಹಿಸಿದವನಿಗೆ ಹತ್ತು ಪರಪದಗಳು ಹೊರೆಯಾಗಲಾರವು. ಈ ಧೈರ್ಯವನ್ನು ತುಂಬುವುದು ಭಾಷಾಶಿಕ್ಷಕನ ಹೊಣೆ.

ಯಂತ್ರದ ಚಿತ್ತಾರ ನಿರ್ದುಷ್ಟವಾಗಿ, ಆದಕಾರಣವೇ ನಿರ್ಜೀವವಾಗಿ ಕಾಣುತ್ತದೆ ಎಂಬುದು ಮೂರನೆಯದು. ಇದು ಬಹುಮಟ್ಟಿಗೆ ಸತ್ಯ. ಮಲೆನಾಡಿನ ಹಸೆ ಚಿತ್ತಾರದಲ್ಲಿ ಪುಂಡಿ ನಾರಿನ ಕುಂಚ ಎಳೆದ ಗೆರೆ ಒಂದೆಡೆ ದಪ್ಪ, ಒಂದೆಡೆ ತೆಳುವು. ಆ ಏರಿಳಿತದಲ್ಲಿಯೇ ಕೈಯ ಉಸಿರಿದೆ. ಯಂತ್ರಕ್ಕೆ ಆ ಉಸಿರು ಬೀಜದಿಂದ ಬರಬೇಕೇ ಹೊರತು ನಿಯಮದಿಂದ ಬರಲಾರದು. ಆದ್ದರಿಂದಲೇ ಬೀಜವನ್ನು ಕೈಯಿಂದಲೇ ಬರೆಯಿಸಬೇಕೆಂಬುದು ಸಿದ್ಧಾಂತ.

ತರಗತಿಯಲ್ಲಿ ಅನುಸರಿಸಬೇಕಾದ ಕ್ರಮ

ಮೊದಲು ವಿದ್ಯಾರ್ಥಿಗಳು ತಮ್ಮ ಮನೆಯ ರಂಗೋಲಿಯನ್ನೋ ಸೀರೆಯ ಅಂಚನ್ನೋ ಗಮನಿಸಿ, ಅದರ ಬೀಜ ಯಾವುದು, ನಿಯಮ ಯಾವುದು ಎಂದು ಬರೆದು ತರಬೇಕು. ಎರಡನೆಯದಾಗಿ, ಆ ನಿಯಮವನ್ನು ಕನ್ನಡ ವಾಕ್ಯವಾಗಿ ಬರೆಯಬೇಕು. ಆ ವಾಕ್ಯವನ್ನು ಮಾತ್ರ ಓದಿ ಮತ್ತೊಬ್ಬ ವಿದ್ಯಾರ್ಥಿ ಚಿತ್ತಾರವನ್ನು ಕಾಗದದ ಮೇಲೆ ಬರೆಯಬೇಕು. ಬರೆಯಲಾಗದಿದ್ದರೆ ವಾಕ್ಯವನ್ನು ತಿದ್ದಬೇಕು. ಮೂರನೆಯದಾಗಿ, ತಿದ್ದಿದ ವಾಕ್ಯವನ್ನು ಆಜ್ಞೆಯಾಗಿ ಮಾರ್ಪಡಿಸಿ ಯಂತ್ರಕ್ಕೆ ಕೊಡಬೇಕು. ಕೊನೆಗೆ ಯಂತ್ರದ ಚಿತ್ತಾರವನ್ನೂ ಕೈಯ ಚಿತ್ತಾರವನ್ನೂ ಪಕ್ಕದಲ್ಲಿರಿಸಿ, ಭೇದಗಳನ್ನು ಒಂದು ಪುಟದಲ್ಲಿ ವಿವರಿಸಬೇಕು. ಹೀಗೆ ಗಣಿತ, ಚಿತ್ರಕಲೆ, ಭಾಷೆ ಮೂರಕ್ಕೂ ಒಂದೇ ಅಭ್ಯಾಸ ಒದಗುತ್ತದೆ. ಇದಕ್ಕೆ ಒಂದು ತರಗತಿಗೆ ಎರಡು ಮೂರು ಯಂತ್ರಗಳಿದ್ದರೂ ಸಾಕು. ಹೆಚ್ಚಿನ ಕೆಲಸ ನಡೆಯುವುದು ಕಾಗದದ ಮೇಲೆ.

ಉಪಸಂಹಾರ

ಗಣಕಯಂತ್ರವು ಶಾಲೆಗೆ ಬಂದ ಮಾತ್ರಕ್ಕೆ ವಿದ್ಯೆ ಬಂದಂತಾಗಲಿಲ್ಲ. ಮತ್ತೊಬ್ಬರು ಸಿದ್ಧಪಡಿಸಿಟ್ಟುದನ್ನು ನೋಡುವುದಕ್ಕೆ ಮಾತ್ರ ಅದನ್ನು ಬಳಸಿದರೆ, ಅದನ್ನು ಒದಗಿಸಿದ ದಾನಿಗಳ ಆಶಯವೂ ಕಲಿಸುವ ಗುರುಗಳ ಶ್ರಮವೂ ಅರ್ಧಫಲವಾದಂತೆ. ತಾನು ಬರೆದ ಒಂದು ಕುಡಿ, ತಾನು ರಚಿಸಿದ ಒಂದು ವಾಕ್ಯ, ಅವೆರಡರಿಂದ ಹಬ್ಬಿದ ಚಿತ್ತಾರ ಇವನ್ನು ಕಂಡ ಮಗು ಯಂತ್ರವು ತನ್ನ ಮಾತನ್ನು ಕೇಳುವುದೆಂಬುದನ್ನು ಅರಿಯುತ್ತದೆ. ಮಾತು ತಪ್ಪಿದರೆ ಚಿತ್ರವೂ ತಪ್ಪುವುದೆಂಬುದನ್ನೂ ಅರಿಯುತ್ತದೆ. ಮಾತಿನ ಹೊಣೆಯನ್ನು ಕಲಿಸುವುದೇ ಭಾಷಾಬೋಧನೆಯ ಪರಮ ಪ್ರಯೋಜನವಾದುದರಿಂದ, ಈ ಅಭ್ಯಾಸವನ್ನು ಕನ್ನಡದ ಅಧ್ಯಾಪಕರು ಗಣಿತದವರಿಗೆ ಮಾತ್ರ ಬಿಟ್ಟುಕೊಡದೆ ತಮ್ಮದನ್ನಾಗಿಯೂ ಮಾಡಿಕೊಳ್ಳುವುದು ಉಚಿತ.